ಖಾನಾವಳಿ ಗೋಡೆಯ ಮ್ಯಾಲಿನ ಜಪಾನ್

ಇವತ್ತಿನ ಕತೆ ನಿಪ್ಪಾಣಿಯ ಒಂದು ಹಳೇ ಖಾನಾವಳಿಯಿಂದ ಶುರು ಆಗ್ತದೆ.

ಕಟ್ಟಡ ನಮ್ಮ ಕಾಕಾನದು. ಮಂಗಳೂರು ಹೆಂಚು, ಸಾಗವಾನಿ ಕಂಬ, ಸುಣ್ಣದ ಗಾರೆಯ ಗೋಡೆ. ಊಟದ ಪಡಸಾಲೆಯಲ್ಲಿ ಸೊಂಟದೆತ್ತರಕ್ಕೆ ಹೂಬಳ್ಳಿಯ ಬಣ್ಣದ ಟೈಲ್ಸ್. ರಿಪೇರಿಗೆ ಬಂದ ಕಾಂಟ್ರಾಕ್ಟರ್ ಮೊಬೈಲ್‌ನಲ್ಲಿ ಫೋಟೊ ತೋರಿಸಿದ: ತಿಳಿ ಬಣ್ಣದ ಕಟ್ಟಿಗೆ, ಬೂದು ಗೋಡೆ, ಮಂದ ಬೆಳಕು.

"ಇದಕ್ಕ ಜಪಾಂಡಿ ಅಂತಾರ್ರಿ ಕಾಕಾ. ಅರ್ಧಾ ಜಪಾನ್, ಅರ್ಧಾ ಡೆನ್ಮಾರ್ಕ್. ಹಳೇ ಟೈಲ್ಸ್ ಎಲ್ಲಾ ಕಿತ್ತಿ ಒಗಿಯೂಣು."

ಕಾಕಾ ಹೂಂ ಅಂದುಬಿಟ್ಟಿದ್ರು. ಮೊದಲನೇ ಟೈಲ್ ಎರಡು ತುಂಡಾಗಿ ಬಿತ್ತು. ಎತ್ತಿ ಹಿಂಬದಿ ನೋಡಿದೆ. ಅಲ್ಲಿ ಅಚ್ಚಾಗಿತ್ತು: ಮೇಡ್ ಇನ್ ಜಪಾನ್!

ಈ ಟೈಲ್ಸ್‌ಗೆ ಮಜೋಲಿಕಾ ಅಂತಾರೆ. ಮೂಲ ಇಂಗ್ಲೆಂಡಿನ ವಿಕ್ಟೋರಿಯಾ ಕಾಲದ ಟೈಲ್ಸ್. ಜಪಾನಿನವರು ಅದನ್ನು ನೋಡಿ ಕಲಿತರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಯುರೋಪಿನ ಮಾಲು ನಿಂತಾಗ ಏಷ್ಯಾದ ಮಾರುಕಟ್ಟೆ ಅವರ ಕೈಗೆ ಬಂತು. ನಮ್ಮ ದೇಶಕ್ಕಂತಲೇ ಲಕ್ಷ್ಮಿ, ಸರಸ್ವತಿ, ಕೃಷ್ಣನ ಚಿತ್ರದ ಟೈಲ್ಸ್ ಕೂಡ ಮಾಡಿದರು. ಹಲವಕ್ಕೆ ರಾಜಾ ರವಿವರ್ಮನ ಚಿತ್ರಗಳೇ ಮಾದರಿ. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮುಂಬೈ ಪೇಟೆಯ ಮಾಲು ಈ ಕಡೆ ಬರೋಕೆ ರೈಲಿತ್ತು: ಮೀರಜ್ ದಾಟಿದ್ರೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್. 1941ರ ಡಿಸೆಂಬರ್‌ನಲ್ಲಿ ಜಪಾನ್ ಬ್ರಿಟನ್ ವಿರುದ್ಧ ಯುದ್ಧಕ್ಕೆ ಇಳಿದ ಮೇಲೆ ಈ ವ್ಯಾಪಾರ ಮುಗೀತು.

ಹಂಗಾದ್ರೆ ಡೆನ್ಮಾರ್ಕ್? ಅದೂ ನಮಗೆ ಹೊಸದಲ್ಲ. ಸಿಮೆಂಟ್ ಯಂತ್ರ ಮಾಡ್ತಿದ್ದ ಡೆನ್ಮಾರ್ಕಿನ ಎಫ್.ಎಲ್. ಸ್ಮಿತ್ ಕಂಪನಿಯ ಎಂಜಿನಿಯರ್ ಟೂಬ್ರೊ 1934ರಲ್ಲಿ ಕೊಯಮತ್ತೂರು ಹತ್ತಿರದ ಮದುಕ್ಕರೈ ಸಿಮೆಂಟ್ ಕಾರ್ಖಾನೆಗೆ ಬಂದ. 1938ರಲ್ಲಿ ತನ್ನ ದೇಶದವನೇ ಆದ ಹೋಲ್ಕ್-ಲಾರ್ಸನ್ ಜೊತೆ ಮುಂಬೈಯಲ್ಲಿ ಕಂಪನಿ ತೆರೆದ. ಅದೇ ಎಲ್ ಆ್ಯಂಡ್ ಟಿ. ಮೊದಲು ಮಾಡಿದ ಕೆಲಸ, ಡೆನ್ಮಾರ್ಕಿನ ಡೇರಿ ಯಂತ್ರ ತರಿಸೋದು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿ ಮಾಲು ನಿಂತಾಗ ಇಲ್ಲೇ ಮಾಡೋಕೆ ಶುರು ಮಾಡಿದರು.

ಜಪಾನ್ ಮತ್ತು ಡೆನ್ಮಾರ್ಕ್ ಸ್ನೇಹವೂ ಇನ್‌ಸ್ಟಾಗ್ರಾಮ್‌ನಲ್ಲಿ ಹುಟ್ಟಿದ್ದಲ್ಲ. 1867ರಲ್ಲಿ ಒಪ್ಪಂದ ಆಯ್ತು. 1885ರಲ್ಲಿ ಕಾರ್ಲ್ ಮ್ಯಾಡ್ಸನ್ ಡ್ಯಾನಿಶ್ ಭಾಷೆಯಲ್ಲಿ ಜಪಾನಿ ಚಿತ್ರಕಲೆ ಬಗ್ಗೆ ಪುಸ್ತಕ ಬರೆದ. ಅದೇ ವರ್ಷ ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಕಾರ್ಖಾನೆಯ ಕಲಾ ಮುಖ್ಯಸ್ಥನಾದ ಆರ್ನಾಲ್ಡ್ ಕ್ರೋಗ್ ಜಪಾನಿ ಶೈಲಿಯಿಂದ ಕಲಿತು ತಟ್ಟೆ, ಹೂದಾನಿಗಳ ರೂಪವನ್ನೇ ಬದಲಿಸಿದ. ಇಬ್ಬರಿಗೂ ಇಷ್ಟವಾದದ್ದು ಒಂದೇ: ಕಟ್ಟಿಗೆ ಕಟ್ಟಿಗೆ ಹಂಗೇ ಕಾಣಬೇಕು, ಕೈಕೆಲಸ ಕಾಣಬೇಕು, ಹಳೇದಕ್ಕೂ ಮರ್ಯಾದೆ ಇರಬೇಕು.

ಅಂದ್ರೆ ಅಸಲಿ ಜಪಾನ್ ಕಿತ್ತು ಬಿಸಾಕಿ ಜಪಾನಿನ ಫೋಟೊ ಅಂಟಿಸೋಕೆ ಹೊರಟಿದ್ವಿ ನಾವು. ಇನ್ನೊಂದು ಮಾತು, ಸುಣ್ಣದ ಗಾರೆ ತೇವ ಹೊರಗೆ ಬಿಡ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಪ್ಯಾನೆಲ್ ಹೊಡೆದ್ರೆ ತೇವ ಒಳಗೇ ಉಳಿದು ಗೋಡೆ ಉದುರ್ತದೆ.

ಕಾಕಾಗೆ ತುಂಡಾದ ಟೈಲ್ ಕೈಯಾಗೆ ಕೊಟ್ಟೆ. ಕನ್ನಡಕ ಏರಿಸಿ ಓದಿದರು. "ನಮ್ಮಪ್ಪ ದಿನಾ ಇದನ್ನ ಒರಸ್ತಿದ್ದ. ಹಿಂದ ಏನ್ ಬರದದ ಅಂತ ಯಾರ್ ನೋಡಿದ್ರು?" ಅಂದವರೇ ಕೆಲಸ ನಿಲ್ಲಿಸಿದರು.

ಟೈಲ್ಸ್ ಉಳೀತು. ಗೋಡೆಗೆ ಮತ್ತೆ ಸುಣ್ಣ. ಬೆಂಚು ಮಾತ್ರ ಕಾಂಟ್ರಾಕ್ಟರ್ ಹೇಳಿದ ತಿಳಿ ಕಟ್ಟಿಗೇದೇ, ಚೆಂದ ಅವ. ಒಡೆದ ಟೈಲ್ ಜಾಗ ಖಾಲಿ ಬಿಟ್ಟೀವಿ.

ನಿಮ್ಮೂರಾಗೂ ಹಳೇ ಮನಿ ಕೆಡವ್ತಿದ್ರೆ ಒಂದು ಟೈಲ್ ತಿರುವಿ ನೋಡ್ರಿ. ಮುಂದಿನ ವಾರ ಸಿಗೂಣು.