ಟ್ಯುಟೋರಿಯಲ್ ಕಾಲೇಜು (ಬ್ರಿಟನ್)

ಜಿಸಿಎಸ್‌ಇ, ಎ-ಲೆವೆಲ್ ಎಂಬ ಶಾಲಾ ಪರೀಕ್ಷೆಗಳಿಗೆ ಸಣ್ಣ ಗುಂಪಿನಲ್ಲಿ ಅಥವಾ ಒಬ್ಬ ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರಂತೆ ಪಾಠ ಹೇಳುವ ಖಾಸಗಿ ಸಂಸ್ಥೆ. ಇದರ ಬೇರು 19ನೆಯ ಶತಮಾನದ ‘ಕ್ರ್ಯಾಮರ್’ ಶಾಲೆಗಳಲ್ಲಿದೆ. ಅವು ಸೇನೆ, ನಾಗರಿಕ ಸೇವೆಗಳ ಪ್ರವೇಶ ಪರೀಕ್ಷೆಗೆ ಹುಡುಗರನ್ನು ಅಣಿಗೊಳಿಸುತ್ತಿದ್ದವು. ಎರಡು ಬಾರಿ ಅನುತ್ತೀರ್ಣರಾದ ವಿನ್‌ಸ್ಟನ್ ಚರ್ಚಿಲ್ 1893ರಲ್ಲಿ ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿಗೆ ಆಯ್ಕೆಯಾದದ್ದು ಲಂಡನ್ನಿನ ಅಂಥದೊಂದು ಶಾಲೆಯಲ್ಲಿ ಓದಿ.

ಲಂಡನ್ನಿನಲ್ಲೇ 1973ರಲ್ಲಿ ಹುಟ್ಟಿದ ಮ್ಯಾಂಡರ್ ಪೋರ್ಟ್‌ಮನ್ ವುಡ್‌ವರ್ಡ್ ಈ ಬಗೆಯ ಹೆಸರಾಂತ ಕಾಲೇಜು.

ಇಂಥ ಕಾಲೇಜುಗಳ ನಿಜವಾದ ಬಲ ತಪ್ಪನ್ನು ಅದು ನಡೆಯುವಾಗಲೇ ಹಿಡಿಯುವುದರಲ್ಲಿದೆ. ಕಲನಶಾಸ್ತ್ರದ ಲೆಕ್ಕದ ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋದರೆ, ಪಕ್ಕದಲ್ಲಿ ಕುಳಿತ ಅಧ್ಯಾಪಕರು ಅಲ್ಲೇ ತಡೆದು ಕಾರಣ ಕೇಳುತ್ತಾರೆ. ಮೂವತ್ತು ಮಂದಿಯ ತರಗತಿಯಲ್ಲಿ ಅದು ಕಣ್ಣಿಗೆ ಬೀಳುವುದು ಉತ್ತರಪತ್ರಿಕೆ ತಿದ್ದುವಾಗ. ಗುಂಪಿನಲ್ಲಿ ಐದಾರು ಜನರಿದ್ದರೆ ಇನ್ನೊಂದು ಲಾಭವುಂಟು: ಸಹಪಾಠಿಯ ವಾದವನ್ನು ಕೇಳಿ ಎದುರಾಡುವ ಅಭ್ಯಾಸ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೀಗೆ ಒಬ್ಬೊಬ್ಬರಾಗಿ ಕಲಿತ ಸರಾಸರಿ ವಿದ್ಯಾರ್ಥಿ ಸಾಮಾನ್ಯ ತರಗತಿಯ ಶೇ. 98ರಷ್ಟು ಮಂದಿಯನ್ನು ಮೀರಿಸಿದ್ದ. ನಂತರದ ಅಧ್ಯಯನಗಳು ಕಂಡ ಪರಿಣಾಮ ಇದಕ್ಕಿಂತ ಚಿಕ್ಕದು, ಆದರೂ ಗಣನೀಯ. ಈ ಕಾಲೇಜುಗಳ ಶುಲ್ಕ ಮಾತ್ರ ದುಬಾರಿ. ಬಡ ಮನೆಯ ಮಕ್ಕಳಿಗೆ ವಿದ್ಯಾರ್ಥಿವೇತನವಿಲ್ಲದೆ ಇದು ಎಟಕದು.