ಕಾಳಿಂಗನಿಗೆ ಕನ್ನಡದ ಹೆಸರು

ನಮ್ಮ ನ್ಯೂ ಟೌನಿನ ಹಿತ್ತಲುಗಳಲ್ಲಿ ಕೇರೆಹಾವನ್ನು ನಾಗರವೆಂದು ಬಗೆದು ಕೊಲ್ಲುವವರುಂಟು. ಆದರೆ ಹಾವುಗಳನ್ನು ಗುರುತಿಸುವಲ್ಲಿ ಪಂಡಿತರೂ ಎಡವಿದ್ದಾರೆ. ನಮ್ಮದೇ ಜಿಲ್ಲೆಯ ಆಗುಂಬೆಯ ಕಾಳಿಂಗಸರ್ಪವೇ ಇದಕ್ಕೆ ನಿದರ್ಶನ.

1836ರಲ್ಲಿ ಡೆನ್ಮಾರ್ಕಿನ ಥಿಯೋಡರ್ ಕ್ಯಾಂಟರನು ಬಂಗಾಳದ ಕಾಳಿಂಗಕ್ಕೆ 'ಹನ್ನಾ' ಎಂದು ಹೆಸರಿಟ್ಟನು. ಫಿಲಿಪೀನ್ಸಿನವರೆಗಿನ ಕಾಳಿಂಗಗಳೆಲ್ಲ ಇದೇ ಜಾತಿಯೆಂದು ಗ್ರಂಥಗಳು ಬಹುಕಾಲ ಸಾರುತ್ತ ಬಂದವು.

2005ರಲ್ಲಿ ಸಂಶೋಧಕ ಪಿ. ಗೌರಿಶಂಕರರನ್ನು ಕಾಳಿಂಗ ಕಚ್ಚಿತು. ಥಾಯ್ಲೆಂಡಿನ ಪ್ರತಿವಿಷ ಕೊಟ್ಟರೂ ನಾಟಲಿಲ್ಲ. ಜಾತಿ ಒಂದೇ ಆಗಿದ್ದರೆ ಮದ್ದೇಕೆ ಹಿಡಿಯಲಿಲ್ಲ? ಬದುಕುಳಿದ ಅವರು ಈ ಪ್ರಶ್ನೆಯ ಬೆನ್ನು ಹತ್ತಿದರು. ಸಂಗಡಿಗರೊಡನೆ ವಂಶವಾಹಿಗಳನ್ನೂ ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನೂ ಹೋಲಿಸಿ, ಇರುವುದು ಒಂದಲ್ಲ, ನಾಲ್ಕು ಜಾತಿಗಳೆಂದು 2024ರಲ್ಲಿ ಪ್ರಕಟಿಸಿದರು. ಉತ್ತರದ ಕಾಳಿಂಗದ ಮೈಮೇಲಿನ ತಿಳಿಪಟ್ಟಿಗಳಿಗೆ ಕಪ್ಪು ಅಂಚುಂಟು, ಪಶ್ಚಿಮಘಟ್ಟದ್ದಕ್ಕೆ ಇಲ್ಲ. ಇಷ್ಟು ಕಣ್ಣೆದುರಿನ ಗುರುತು ನೋಡಿ!

ನಮ್ಮದಕ್ಕೆ ಈಗ 'ಒಫಿಯೊಫೇಗಸ್ ಕಾಳಿಂಗ' ಎಂದೇ ಶಾಸ್ತ್ರೀಯ ನಾಮ. ಮಲೆನಾಡಿಗರು ಕರೆಯುತ್ತಿದ್ದ ಹೆಸರನ್ನು ಶಾಸ್ತ್ರವು ಒಪ್ಪಲು 188 ವರ್ಷ ಹಿಡಿಯಿತೆಂಬುದು ಕನ್ನಡಿಗನಾದ ನನಗೆ ತಮಾಷೆಯೂ ಹೌದು, ಹೆಮ್ಮೆಯೂ ಹೌದು.

ಆದರೆ ಮದ್ದಿನ ಪ್ರಶ್ನೆ ಮುಗಿದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗಾಗಿ ತಯಾರಾದುದು. ಆ ನಾಲ್ಕರಲ್ಲಿ ಕಾಳಿಂಗನಿಲ್ಲ.