ಭಾರತದಲ್ಲಿ ಅಂತರ್ಜಾಲ ಸಂಪರ್ಕದ ವಿಧಗಳು ಮತ್ತು ವಿಳಂಬ

ಅಂತರ್ಜಾಲದ ವೇಗವೆಂದು ಜಾಹೀರಾತುಗಳು ಸಾರುವ ಎಂಬಿಪಿಎಸ್, ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯಬಲ್ಲದು ಎಂಬುದರ ಅಳತೆ. ಕ್ಲಿಕ್ಕಿಸಿದ ಮೇಲೆ ಉತ್ತರ ಮರಳಲು ಹಿಡಿಯುವ ಹೊತ್ತು, ಅಂದರೆ ವಿಳಂಬ, ಬೇರೆಯೇ ಲೆಕ್ಕ. ಭಾರತದ ಸಂಪರ್ಕ ಇತಿಹಾಸವನ್ನು ಸಾಮಾನ್ಯವಾಗಿ ಮೊದಲನೆಯದರ ಏರಿಕೆಯಾಗಿಯೇ ಹೇಳಲಾಗುತ್ತದೆ. ಬಳಕೆದಾರರ ಅನುಭವಕ್ಕೆ ಎರಡನೆಯದೂ ಅಷ್ಟೇ ಮುಖ್ಯ.

1995ರ ಆಗಸ್ಟ್ 15ರಂದು ಸರ್ಕಾರಿ ಸ್ವಾಮ್ಯದ ವಿಎಸ್‌ಎನ್‌ಎಲ್ ಸಾರ್ವಜನಿಕ ಸೇವೆ ಆರಂಭಿಸಿದಾಗ ಮನೆಗಳಿಗಿದ್ದ ದಾರಿ ದೂರವಾಣಿ ತಂತಿ. ಮೋಡೆಮ್ ಕಿರ್ರೆಂದು ಸದ್ದು ಮಾಡಿ ಸಂಪರ್ಕ ಹಿಡಿಯುವವರೆಗೆ ಕಾಯಬೇಕು. ಆಮೇಲೆ ಮನೆಯ ಫೋನ್ ಎಂಗೇಜ್. 56 ಕೆಬಿಪಿಎಸ್ ಮೋಡೆಮ್ ಬಂದ ಮೇಲೂ ವಿಳಂಬ ಹೆಚ್ಚೇನೂ ತಗ್ಗಲಿಲ್ಲ.

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಅನ್ನು ಕನಿಷ್ಠ ಮಿತಿಯಾಗಿಸಿತು. ಅದು 2013ರಲ್ಲಿ 512 ಕೆಬಿಪಿಎಸ್, 2023ರಲ್ಲಿ 2 ಎಂಬಿಪಿಎಸ್ ಆಯಿತು. ಈ ಮಿತಿಗಳಲ್ಲಿ ವಿಳಂಬದ ಸುದ್ದಿಯೇ ಇಲ್ಲ. ಆದರೆ ಅಷ್ಟಾಗಿ ಉಲ್ಲೇಖಗೊಳ್ಳದ, ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2006ರ ಗುಣಮಟ್ಟ ನಿಯಮಗಳು ಅದಕ್ಕೂ ಮಿತಿ ಹಾಕಿದವು: ವಿದೇಶದ ಜಾಲಕೇಂದ್ರದವರೆಗೆ ಕೇಬಲ್ ಮೂಲಕವಾದರೆ 350 ಮಿಲಿಸೆಕೆಂಡ್, ಉಪಗ್ರಹದ ಮೂಲಕವಾದರೆ 800. ಸಂಪರ್ಕದ ಬಗೆ ಬದಲಾದರೆ ನಿರೀಕ್ಷೆಯೂ ಬದಲಾಗಬೇಕೆಂದು ನಿಯಂತ್ರಕರು ಆಗಲೇ ಒಪ್ಪಿದ್ದರು.

ಡಿಎಸ್‌ಎಲ್ (ದೂರವಾಣಿ ತಂತಿಯ ಮೇಲಿನ ಬ್ರಾಡ್‌ಬ್ಯಾಂಡ್) ಮತ್ತು ಟಿವಿ ಕೇಬಲ್ ಸಂಪರ್ಕಗಳ ಕಾಲದ ಒಂದು ಒಗಟು ಬಹುಕಾಲ ಬಿಡಿಸಲಾಗದೆ ಉಳಿದಿತ್ತು. ಮನೆಯಲ್ಲಿ ಒಬ್ಬರು ಫೋಟೊಗಳನ್ನು ಅಪ್‌ಲೋಡ್ ಮಾಡತೊಡಗಿದರೆ ಇನ್ನೊಬ್ಬರ ವಿಡಿಯೊ ಕರೆ ತಡವರಿಸುತ್ತಿತ್ತು. ಎಂಬಿಪಿಎಸ್ ಸಾಲದೆಂದು ದುಬಾರಿ ಪ್ಲಾನ್ ಕೊಂಡವರಿಗೂ ತೊಂದರೆ ಪೂರ್ತಿ ತಪ್ಪಲಿಲ್ಲ. 2010ರ ಸುಮಾರಿಗೆ ಅಮೆರಿಕದ ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕು, ಒಂದೂ ಕಳೆದುಹೋಗಬಾರದೆಂದು ತಯಾರಕರು ಮೋಡೆಮ್‌ಗಳಲ್ಲಿ ಅತಿ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ, ಇಟ್ಟಿದ್ದರು. ಕರೆಯ ಸಣ್ಣ ಪ್ಯಾಕೆಟ್, ಫೋಟೊಗಳ ಉದ್ದನೆಯ ಸಾಲಿನ ಹಿಂದೆ ನಿಲ್ಲಬೇಕಾಗಿತ್ತು. ಸಾಲಿನಲ್ಲಿ ಕಾಯುವ ಹೊತ್ತು ಮಿತಿ ಮೀರತೊಡಗಿದಾಗ ಕೆಲವು ಪ್ಯಾಕೆಟ್‌ಗಳನ್ನು ಬೀಳಿಸುವ ‘ಕೋಡೆಲ್’ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜಾಕಬ್ಸನ್ 2012ರಲ್ಲಿ ಪ್ರಕಟಿಸಿದರು.

ಮೊಬೈಲಿನ ಕಥೆ ಹೆಚ್ಚು ಪರಿಚಿತ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಆರಂಭವಾದ 4ಜಿ, 2016ರಲ್ಲಿ ಜಿಯೊ ಬಂದ ಮೇಲೆ ಮನೆಮಾತಾಯಿತು. 5ಜಿ 2022ರ ಅಕ್ಟೋಬರಿನದು. ಹೊಸ ತಲೆಮಾರುಗಳು ವಿಳಂಬ ತಗ್ಗಿಸಿದರೂ ಟವರಿನ ದಟ್ಟಣೆ ಹೆಚ್ಚಿದಾಗ ಆ ಲಾಭ ಕರಗುತ್ತದೆ.

ಉಪಗ್ರಹ ಸಂಪರ್ಕದಲ್ಲಿ ದೂರದ್ದೇ ಕಾರುಬಾರು. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಕೋರಿಕೆ ಹೋಗಿ ಉತ್ತರ ಬರಲು ಪಯಣಕ್ಕೇ ಸುಮಾರು 480 ಮಿಲಿಸೆಕೆಂಡ್ ಬೇಕು. ಸುಮಾರು 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್‌ನಂಥ ಜಾಲಗಳಲ್ಲಿ ಈ ಪಾಲು 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಉಳಿದ ವಿಳಂಬ ಪ್ಯಾಕೆಟ್‌ಗಳ ಸಾಲಿನದು ಮತ್ತು ನೆಲದ ಮೇಲಿನ ಫೈಬರ್ ಹಾದಿಯದು.